ಸೇತುವೆ ಇದ್ದರಷ್ಟೇ ಸಾಲದು

ನದಿಗಳೂ ಪರ್ವತಗಳೂ ನಾಡುನಾಡುಗಳ ನಡುವಣ ಸ್ವಾಭಾವಿಕ ಎಲ್ಲೆಗಳೆಂದು ಭೂಗೋಳದ ಪುಸ್ತಕಗಳು ಹೇಳುತ್ತವೆ. ಪರ್ವತಗಳ ಮಾತು ಹೇಗೋ ನಾನರಿಯೆ. ಆದರೆ ಹಡಗಲಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದ ನಾನು ನದಿಯ ಬಗೆಗಿನ ಈ ಮಾತನ್ನು ಒಪ್ಪಲಾರೆ. ತುಂಗಭದ್ರೆಯ ಈ ದಂಡೆಯಲ್ಲಿ ಆಡುವ ಮಾತೇ ಆ ದಂಡೆಯಲ್ಲಿಯೂ. ಇಲ್ಲಿ ಬಿತ್ತುವ ಜೋಳವೇ ಅಲ್ಲಿಯೂ. ನಮ್ಮ ಮೈಲಾರಲಿಂಗನೇ ಅಲ್ಲಿಯ ಎಷ್ಟೋ ಮನೆತನಗಳಿಗೂ ಮನೆದೇವರು. ಹೊಳೆಯು ತಾನಾಗಿ ಯಾರನ್ನೂ ಬೇರ್ಪಡಿಸಲಿಲ್ಲ. ಅದನ್ನು ಎಲ್ಲೆಯನ್ನಾಗಿ ಮಾಡಿದವರು ಆಳುವವರು. ಎಲ್ಲೆಯಾದ ಹೊಳೆಗೆ ಸೇತುವೆ ಬಂದದ್ದು ಹೇಗೆ, ಬಂದ ಸೇತುವೆಯಿಂದ ಯಾರಿಗೆ ಉಪಯೋಗವಾಯಿತು, ಎಲ್ಲೆ ಅಳಿದ ಮೇಲೂ ಅದರ ನೆರಳು ಏಕೆ ಉಳಿದಿದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿಚಾರಮಾಡಿದ್ದೇನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಇಂದು ಐದು ತಾಲ್ಲೂಕುಗಳಾಗಿರುವ ನಮ್ಮ ಸೀಮೆಯು ಒಂದೂವರೆ ಶತಮಾನ ಕಾಲ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಟಿಪ್ಪು ಸುಲ್ತಾನನೊಡನೆ ನಡೆದ ಯುದ್ಧಗಳ ಹಂಚಿಕೆಯಲ್ಲಿ ನಿಜಾಮನ ಕೈ ಸೇರಿದ್ದ ಬಳ್ಳಾರಿ ಸೀಮೆಯನ್ನು, ಕಂಪನಿಯ ಸೈನ್ಯದ ಖರ್ಚಿಗೆಂದು ಆತನು 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಹೀಗೆ ಸೈನ್ಯದ ಸಂಬಳದ ಲೆಕ್ಕದಲ್ಲಿ ನಮ್ಮ ಎಲ್ಲೆಗಳು ಗೊತ್ತಾದವು. ಹರಪನಹಳ್ಳಿ, ಹಡಗಲಿಗಳಿಗೆ ಎದುರಾಗಿ ಹೊಳೆಯ ಎಡದಂಡೆಯಲ್ಲಿ ರಾಣೇಬೆನ್ನೂರು, ಹಾವೇರಿ, ಮುಂಡರಗಿಗಳು. ಅವು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದವು. ಅಲ್ಲಿಂದ ಕೆಳಗೆ ಕೊಪ್ಪಳದ ಕಡೆ ನಿಜಾಮನ ರಾಜ್ಯ. ಮೇಲೆ ಹರಿಹರದಲ್ಲಿ ಮೈಸೂರು ಸಂಸ್ಥಾನ. ಕೂಡ್ಲಿಗಿ, ಕೊಟ್ಟೂರುಗಳಿಗೆ ಹೊಳೆಯಿಲ್ಲದಿದ್ದರೂ ದಕ್ಷಿಣಕ್ಕೆ ಜಗಳೂರಿನ ಕಡೆ ಹೊರಟರೆ ಅಲ್ಲಿಯೂ ಮೈಸೂರಿನ ಗಡಿ ಎದುರಾಗುತ್ತಿತ್ತು. ಒಂದೇ ಮಾತನ್ನಾಡುವ ಜನ ನಾಲ್ಕು ಸರಕಾರಗಳಿಗೆ ಕಂದಾಯ ತೆರುತ್ತಿದ್ದರು.

ಇವು ಹೆಸರಿಗೆ ಮಾತ್ರದ ಎಲ್ಲೆಗಳೆಂದು ಯಾರೂ ತಿಳಿಯಬಾರದು. ನಿಜಾಮನ ಸೀಮೆಯಲ್ಲಿ ಹಾಲಿ ಸಿಕ್ಕಾ ಎಂಬ ಬೇರೆ ನಾಣ್ಯವೇ ಇತ್ತು. ಅಲ್ಲಿಯ 7 ರೂಪಾಯಿ ಇಲ್ಲಿಯ 6 ರೂಪಾಯಿಗೆ ಸಮ. ಗಡಿ ದಾಟುವ ಸರಕಿಗೆ ‘ಕರೋಡಗಿರಿ’ ಸುಂಕ ಕಟ್ಟಬೇಕಾಗಿತ್ತು. 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರಿನವರೆಗೆ, ಭಾರತವನ್ನು ಸೇರದೆ ನಿಂತಿದ್ದ ಹೈದರಾಬಾದಿನ ಗಡಿಯು ಅಕ್ಷರಶಃ ಪರದೇಶದ ಗಡಿಯೇ ಆಗಿತ್ತು. ಆ ಹದಿಮೂರು ತಿಂಗಳು ರಜಾಕಾರರ ಹಾವಳಿಗೆ ಬೆದರಿದ ಜನ ಗಡಿ ದಾಟಿ ಬಂದರು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಮುಂಡರಗಿಯ ಶಿಬಿರವು ಹೋರಾಟಗಾರರಿಗೆ ನೆಲೆಯಾಯಿತು.

ಈಗ ಸೇತುವೆಯ ವಿಷಯಕ್ಕೆ ಬರೋಣ. ನಮ್ಮ ಸೀಮೆಗೆ ಹತ್ತಿರದ ಹಳೆಯ ರಸ್ತೆಸೇತುವೆಯೆಂದರೆ ಹರಿಹರದ್ದು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗಾಗಿ ಕಲ್ಲು ಇಟ್ಟಿಗೆಗಳಲ್ಲಿ ಕಟ್ಟಿದ ಇದು 1868ರಲ್ಲಿ ಮುಗಿಯಿತು. 60 ಅಡಿ ಅಗಲದ 14 ಕಮಾನುಗಳು. ತಗುಲಿದ ವೆಚ್ಚ ಸುಮಾರು ಮೂರೂವರೆ ಲಕ್ಷ ರೂಪಾಯಿ. ಒಂದು ತುದಿ ಮೈಸೂರಿನಲ್ಲಿ, ಇನ್ನೊಂದು ಮುಂಬಯಿ ಪ್ರಾಂತ್ಯದಲ್ಲಿ. ಎರಡು ಸರಕಾರಗಳ ನಡುವೆ ಅಷ್ಟು ದೊಡ್ಡ ಸೇತುವೆ ಹೇಗೆ ಸಾಧ್ಯವಾಯಿತು? 1831ರಿಂದ 1881ರವರೆಗೆ ಮೈಸೂರನ್ನು ಆಳುತ್ತಿದ್ದವರೂ ಇಂಗ್ಲಿಷ್ ಕಮಿಷನರುಗಳೇ ಎಂಬುದನ್ನು ನೆನೆದರೆ ಉತ್ತರ ಸಿಗುತ್ತದೆ. ಎರಡು ದಂಡೆಗಳ ಮೇಲೂ ಒಂದೇ ಕೈ ಇದ್ದಾಗ ಸೇತುವೆ ಬಂತು. 1881ರಲ್ಲಿ ಸಂಸ್ಥಾನವು ಚಾಮರಾಜೇಂದ್ರ ಒಡೆಯರಿಗೆ ಮರಳಿದಾಗ ಅದು ಅರಸರ ನಾಡನ್ನೂ ಬ್ರಿಟಿಷ್ ನಾಡನ್ನೂ ಕೂಡಿಸುವ ಸೇತುವೆಯಾಯಿತು.

ಇದು ಹೊಸ ಮಾತೇನೂ ಅಲ್ಲ. ಹಂಪೆಯಲ್ಲಿ ವಿಠ್ಠಲ ದೇವಾಲಯದ ಸಮೀಪ ಹೊಳೆಯಲ್ಲಿ ಸಾಲಾಗಿ ನಿಂತಿರುವ ಕಲ್ಲುಕಂಬಗಳನ್ನು ನೋಡದವರಾರು? ವಿಜಯನಗರದ ಕಾಲದಲ್ಲಿ ಎರಡು ದಂಡೆಯೂ ಒಂದೇ ರಾಜ್ಯವಾಗಿದ್ದಾಗ ಅಲ್ಲಿ ಸೇತುವೆಯಿತ್ತು. ರಾಜ್ಯ ಹೋಯಿತು, ಹೊಳೆ ಗಡಿಯಾಯಿತು, ಸೇತುವೆ ಬಿದ್ದಿತು; ಹರಿಗೋಲು ಉಳಿಯಿತು. ಹಣದ ಅಥವಾ ನೀರಿನ ಆಸೆ ದೊಡ್ಡದಾದಾಗ ಮಾತ್ರ ಬೇರೆ ಬೇರೆ ಸರಕಾರಗಳು ಹೊಳೆಯ ಮೇಲೆ ಕೈ ಕೂಡಿಸಿದ್ದುಂಟು. 1880ರ ದಶಕದಲ್ಲಿ ಹೊಸಪೇಟೆಯಿಂದ ಗದಗಿಗೆ ಹಾಕಿದ ರೈಲುದಾರಿಯು ನಿಜಾಮನ ನೆಲಕ್ಕೆ ಹೊಳೆ ದಾಟಿತು. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಒಂದು ದಂಡೆಯಲ್ಲಿ ಮದರಾಸಿನ ಗವರ್ನರರೂ ಮತ್ತೊಂದು ದಂಡೆಯಲ್ಲಿ ಹೈದರಾಬಾದಿನ ಯುವರಾಜರೂ ಬೇರೆ ಬೇರೆಯಾಗಿ ಅಡಿಗಲ್ಲಿಟ್ಟರು. ಆ ಜಲಾಶಯ ತುಂಬಿದಾಗ ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹಲವು ಹಳ್ಳಿಗಳ ಜೊತೆಗೆ ಹೊಳೆ ದಾಟುವ ಹಳೆಯ ಜಾಗಗಳೂ ಮುಳುಗಿದವು.

ಇನ್ನು ನಮ್ಮವರ ಪಾಡೇನು? ಹರಪನಹಳ್ಳಿಯ ರೈತನೊಬ್ಬನು ಮಳೆಗಾಲದಲ್ಲಿ ಬಂಡಿ ಹೂಡಿಕೊಂಡು ರಾಣೇಬೆನ್ನೂರಿನ ಪೇಟೆಗೆ ಹೋಗಬೇಕಾದರೆ ಮದರಾಸನ್ನು ಬಿಟ್ಟು, ಮೈಸೂರನ್ನು ಹೊಕ್ಕು, ಹರಿಹರದ ಸೇತುವೆ ದಾಟಿ ಮುಂಬಯಿಯಲ್ಲಿ ಇಳಿಯಬೇಕಾಗಿತ್ತು! ಹಡಗಲಿಯವನಿಗೆ ಅಷ್ಟು ದೂರದ ಸುತ್ತು ಸಾಧ್ಯವಿರಲಿಲ್ಲ. ಅವನಿಗೆ ಅಂಬಿಗನೇ ಗತಿ. ಬೇಸಿಗೆಯಲ್ಲಿ ಹೊಳೆ ಇಳಿದಾಗ ನಡೆದೇ ದಾಟಬಹುದಾಗಿತ್ತು. ಭರತ ಹುಣ್ಣಿಮೆಯ ಮೈಲಾರದ ಜಾತ್ರೆಗೆ, ಗೊರವಯ್ಯನ ಕಾರಣಿಕ ಕೇಳಲು, ಆಚೆಯ ಜನ ಬಂಡಿಗಳಲ್ಲಿ ಬರುತ್ತಿದ್ದರು. ಯಾವ ಸರಕಾರದ ಎಲ್ಲೆಯೂ ಆ ದಾರಿಯನ್ನು ಮುಚ್ಚಲಾರದೆ ಹೋಯಿತು.

ನಮ್ಮ ಅಜ್ಜಿಯ ತವರು ಆಚೆ ದಂಡೆಯಲ್ಲಿ. ಆಕೆ ಮದುವೆಯಾಗಿ ಬಂದದ್ದು ರಾಜ್ಯಗಳು ಒಂದಾದ ಮೇಲೆಯೇ. ಆದರೂ ಶ್ರಾವಣದಲ್ಲಿ ತನ್ನ ತಂದೆ ತೀರಿಕೊಂಡ ಸುದ್ದಿ ಮೂರನೆಯ ದಿನಕ್ಕೆ ಮುಟ್ಟಿತೆಂದೂ, ಹೊಳೆ ತುಂಬಿದ್ದರಿಂದ ಮಣ್ಣಿಗೆ ಹೋಗಲಾಗಲಿಲ್ಲವೆಂದೂ ಆಕೆ ಇಂದಿಗೂ ಹೇಳುತ್ತಾಳೆ. ತವರಿನ ದೀಪ ಇಲ್ಲಿಂದ ಕಾಣುತ್ತಿತ್ತಂತೆ. ಕಾಗದದ ಮೇಲಿನ ಎಲ್ಲೆ ಅಳಿದಿತ್ತು. ಹೊಳೆ ಹಾಗೆಯೇ ಇತ್ತು. ಇದರಿಂದ ನನಗೆ ತೋರುವುದಿಷ್ಟು: ಎಲ್ಲೆಯು ಒಪ್ಪಂದದಿಂದ ಹುಟ್ಟಬಹುದು, ಆದರೆ ಒಪ್ಪಂದದಿಂದಲೇ ಸಾಯುವುದಿಲ್ಲ. ಜನ ದಿನವೂ ಸಲೀಸಾಗಿ ದಾಟತೊಡಗಿದಾಗ ಮಾತ್ರ ಅದು ಸಾಯುತ್ತದೆ.

ಸೇತುವೆ ಕಟ್ಟಿದೊಡನೆ ಸ್ನೇಹ ಬೆಳೆಯುತ್ತದೆಂದು ಭಾವಿಸುವವರು ಫ್ರಾನ್ಸ್ ಮತ್ತು ಜರ್ಮನಿಗಳ ನಡುವಿನ ರೈನ್ ನದಿಯನ್ನು ನೋಡಬೇಕು. ಸ್ಟ್ರಾಸ್‌ಬರ್ಗ್ ಮತ್ತು ಕೇಲ್ ಪಟ್ಟಣಗಳ ನಡುವೆ 1861ರಲ್ಲಿ ರೈಲುಸೇತುವೆಯಾಯಿತು. ಆದರೆ ಯುದ್ಧ ಬಂದರೆ ದಾರಿ ಕಡಿಯಲು ಅನುಕೂಲವಾಗಲೆಂದು ಎರಡು ತುದಿಗಳಲ್ಲಿಯೂ ತಿರುಗಿಸಿಬಿಡುವಂಥ ಭಾಗಗಳನ್ನಿಟ್ಟಿದ್ದರು. ಕೂಡಿಸುವಾಗಲೇ ಅಗಲುವ ಏರ್ಪಾಡು! 1870ರ ಯುದ್ಧದಲ್ಲಿ ಅದನ್ನು ಸಿಡಿಸಿಯೂ ಬಿಟ್ಟರು. ಅದೇ ಎರಡು ಪಟ್ಟಣಗಳ ನಡುವೆ 1960ರಲ್ಲಿ ‘ಯೂರೋಪ್ ಸೇತುವೆ’ ಬಂತು. 2017ರಿಂದ ನಗರದ ಟ್ರಾಮ್ ಗಾಡಿಯೇ ನದಿ ದಾಟಿ ಓಡುತ್ತಿದೆ. ತರಕಾರಿಯ ಚೀಲ ಹಿಡಿದ ಮುದುಕಿ ಟ್ರಾಮಿನಲ್ಲಿ ಕುಳಿತು ಪರದೇಶಕ್ಕೆ ಹೋಗಿಬರಬಹುದು. ಇನ್ನು ನಮ್ಮ ದೇಶದ ಅಂಚಿಗೆ ಬಂದರೆ, ಉತ್ತರಾಖಂಡದ ಧಾರ್ಚುಲಾದಲ್ಲಿ ಕಾಳಿ ನದಿಯ ಮೇಲೊಂದು ತೂಗುಸೇತುವೆಯಿದೆ; ಆಚೆ ನೇಪಾಳ. ಎರಡು ಕಡೆಯೂ ಬಂಧುಬಳಗದವರೇ ಇದ್ದಾರೆ. 2020ರ ಕೊರೋನಾ ಕಾಲದಲ್ಲಿ ಆ ಸೇತುವೆಯನ್ನು ಮುಚ್ಚಿದಾಗ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದವರು ಒಬ್ಬರನ್ನೊಬ್ಬರು ಸೇರಲಾರದೆ ಹೋದರು. ಆದುದರಿಂದ ಕಲ್ಲು ಗಾರೆಗಳಿಗಿಂತ, ಅದರ ಮೇಲೆ ಯಾರು ಎಷ್ಟು ಸುಲಭವಾಗಿ ನಡೆಯುತ್ತಾರೆಂಬುದೇ ಸೇತುವೆಯ ನಿಜವಾದ ಅಳತೆ.

ಈ ಅಳತೆಗೋಲಿನಿಂದ ನಮ್ಮ ಸೇತುವೆಗಳನ್ನು ಅಳೆದು ನೋಡೋಣ. 1953ರ ಅಕ್ಟೋಬರ್ 1ರಂದು ನಮ್ಮ ಸೀಮೆ ಮೈಸೂರನ್ನು ಸೇರಿತು. 1956ರ ನವೆಂಬರ್ 1ರಂದು ಆಚೆ ದಂಡೆಯೂ ಬಂದು ಕೂಡಿತು. ಹರಿಹರದ ಸೇತುವೆಯ ಎರಡು ತುದಿಗಳೂ ಅಂದು ಒಂದೇ ರಾಜ್ಯದವಾದವು. ಹರಿಹರದಿಂದ ಎದುರು ದಂಡೆಯ ಕುಮಾರಪಟ್ಟಣದ ಕಾರ್ಖಾನೆಗೆ ದುಡಿಯಲು ಹೋಗುವವನಿಗೆ ತಾನು ಹಳೆಯ ಗಡಿಯೊಂದನ್ನು ದಾಟುತ್ತಿರುವೆನೆಂಬ ನೆನಪೂ ಇರದು. ಆ ಮರೆವೇ ಸೇತುವೆಯ ಸಾರ್ಥಕತೆ. ನಮ್ಮ ಹಡಗಲಿಗೂ ಮದಲಗಟ್ಟಿಯ ಬಳಿ ಮುಂಡರಗಿಯ ಕಡೆಗೆ ಸೇತುವೆಯಿದೆ. ಕೊಟ್ಟೂರಿನಲ್ಲಿ ಬಹುಕಾಲ ಬಂದು ನಿಂತುಬಿಡುತ್ತಿದ್ದ ರೈಲುದಾರಿಯೂ ಈಗ ಹರಪನಹಳ್ಳಿಯ ಮೇಲೆ ಹರಿಹರ ಮುಟ್ಟಿದೆ.

ಆದರೆ ಹಳೆಯ ಗೆರೆಗಳು ಹೊಸ ಹೆಸರಿನಲ್ಲಿ ಮತ್ತೆ ಮೂಡುವುದನ್ನೂ ಕಾಣುತ್ತೇವೆ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಅದು ಮರಳಿದ್ದಕ್ಕೆ ಮುಖ್ಯ ಕಾರಣ ಸಂವಿಧಾನದ 371(ಜೆ) ವಿಧಿಯ ಸೌಲಭ್ಯ. ಆ ವಿಧಿಯ ಮೀಸಲಾತಿ ಹೊಳೆಯ ಈ ದಂಡೆಯವರಿಗುಂಟು, ಎದುರಿನ ಗದಗ, ಹಾವೇರಿ ಜಿಲ್ಲೆಗಳವರಿಗಿಲ್ಲ. ಬಸ್ಸುಗಳನ್ನು ನೋಡಿದರೆ ಹಡಗಲಿಯು ಕಲ್ಯಾಣ ಕರ್ನಾಟಕ ಸಾರಿಗೆಗೆ, ಮುಂಡರಗಿ ವಾಯವ್ಯ ಸಾರಿಗೆಗೆ, ಹರಿಹರ ಮೂಲ ನಿಗಮಕ್ಕೆ ಸೇರಿವೆ. ಮದರಾಸು, ಮುಂಬಯಿ, ಮೈಸೂರುಗಳ ಹಳೆಯ ನಕ್ಷೆಯನ್ನೇ ಯಾರೋ ಬಸ್ಸುಗಳಿಗೆ ಬಣ್ಣ ಬಳಿದು ಮತ್ತೆ ಬರೆದಂತಿದೆ!

ಮೀಸಲಾತಿ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಸೀಮೆ ಹಿಂದುಳಿದದ್ದು ನಿಜ. ಆ ಸೌಲಭ್ಯದಿಂದ ಓದುತ್ತಿರುವವರಲ್ಲಿ ನಾನೂ ಒಬ್ಬನು. ಆಡಳಿತದ ಅನುಕೂಲಕ್ಕೆ ಜಿಲ್ಲೆಗಳೂ ನಿಗಮಗಳೂ ಬೇಕೆಂಬುದನ್ನೂ ಬಲ್ಲೆ. ಲೆಕ್ಕಕ್ಕೆ ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು. ನನ್ನ ವಾದವಿಷ್ಟೇ: ಲೆಕ್ಕದ ಗೆರೆಯು ದಾರಿಯ ಗೆರೆಯಾಗಕೂಡದು. ಆಚೆ ದಂಡೆಯ ಹುಡುಗಿಗೆ ಹತ್ತಿರದ ಕಾಲೇಜು ಈಚೆಗಿದ್ದರೆ ಆಕೆ ಇಲ್ಲಿಗೇ ಬರುವಂತಿರಬೇಕು. ಬೆಳಗಿನ ಪಾಠಕ್ಕೆ ಸರಿಯಾಗಿ ಸೇತುವೆ ದಾಟಿ ಬರುವ ಬಸ್ಸಿರಬೇಕು. ಯಾವ ನಿಗಮದ ಬಸ್ಸಾದರೂ ಒಂದೇ ಪಾಸು ಸಲ್ಲಬೇಕು. ನಮ್ಮ ದಂಡೆಯ ಬಾಣಂತಿಗೆ ಆಚೆಯ ಆಸ್ಪತ್ರೆ ಹತ್ತಿರವಾದರೆ ಜಿಲ್ಲೆಯ ಹೆಸರು ಅಡ್ಡ ಬರಕೂಡದು. ಇವಕ್ಕೆ ಹದಿನಾಲ್ಕು ಕಮಾನುಗಳೂ ಬೇಡ, ಲಕ್ಷಗಟ್ಟಲೆ ಹಣವೂ ಬೇಡ. ಎರಡು ಕಚೇರಿಗಳ ಅಧಿಕಾರಿಗಳು ಒಂದು ದಿನ ಒಂದೆಡೆ ಕುಳಿತು ವೇಳಾಪಟ್ಟಿ ಬರೆದರೆ ಸಾಕು.

ವಿದ್ಯಾರ್ಥಿ ಮಿತ್ರರೇ, ನಮ್ಮ ಹಿರಿಯರು ಎಲ್ಲೆ ಅಳಿಸಲು ಹೋರಾಡಿದರು. ಇಂಜಿನಿಯರುಗಳು ಸೇತುವೆ ಕಟ್ಟಿಕೊಟ್ಟರು. ಉಳಿದದ್ದು ನಮ್ಮ ಪಾಲಿನ ಕೆಲಸ. ಅದು ದೊಡ್ಡದೇನೂ ಅಲ್ಲ: ಆಚೆ ದಂಡೆಯನ್ನು ಬೇರೆ ಜಿಲ್ಲೆಯೆನ್ನದೆ ಪಕ್ಕದ ಊರೆಂದು ಬಗೆಯುವುದು, ಅಲ್ಲಿಗೆ ಹೋಗಿ ಬರುವುದು, ಹೋಗಿಬರಲು ಬೇಕಾದ ಬಸ್ಸನ್ನು ಸಂಬಂಧಪಟ್ಟವರಲ್ಲಿ ಬಿಡದೆ ಕೇಳುವುದು.