ತೊಡೆಯೇರಿದ ಮಗು, ಸೆರಗು ಹಿಡಿದ ಮಗು

ಕಳೆದ ತಿಂಗಳು ಸ್ನೇಹಿತೆಯೊಬ್ಬಳು ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಹುಡುಗಿ ದ್ವಿತೀಯ ಪಿಯುಸಿ ಮುಗಿಸಿ ಪದವಿಗೆ ಹೊರದೇಶಕ್ಕೆ ಅರ್ಜಿ ಹಾಕುವವಳಿದ್ದಾಳೆ. ಅದಕ್ಕೂ ಮೊದಲು ಕಾಂಬೋಡಿಯಾದ ಸಿಯಾಮ್ ರೀಪ್‌ನ ಒಂದು ಮಕ್ಕಳ ಮನೆಗೆ ಹೋಗಿ, ಮೂರು ವಾರ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟು, ಅವರನ್ನು ನೋಡಿಕೊಂಡು ಬರಬೇಕಂತೆ. ಈ ಹಿಂದೆ ಇಂಥ ಸೇವೆ ಮಾಡಿದ ಒಬ್ಬರಿಂದ ಶಿಫಾರಸು ಪತ್ರ ತನ್ನಿ ಎಂದು ಏಜೆನ್ಸಿಯವರು ಹೇಳಿದ್ದಾರೆ. 'ನೀನು ನೇಪಾಳಕ್ಕೆ ಹೋಗಿದ್ದೆಯಲ್ಲ, ನಾಲ್ಕು ಸಾಲು ಬರೆದುಕೊಡೇ' ಅಂದಳು ಸ್ನೇಹಿತೆ. ನಾನು ಕಾಫಿ ಮಾಡುತ್ತೇನೆಂದು ಎದ್ದು ಒಳಗೆ ಹೋದೆ. ಹಾಲು ಉಕ್ಕುವಷ್ಟು ಹೊತ್ತು ಯೋಚಿಸಿದೆ. ಏನು ಹೇಳಬೇಕೆಂದು ಗೊತ್ತಿತ್ತು, ಹೇಗೆ ಹೇಳಬೇಕೆಂದು ತಿಳಿಯಲಿಲ್ಲ.

ಹೌದು, ಹೋಗಿದ್ದೆ. 2014ರ ಸೆಪ್ಟೆಂಬರ್‌ನಲ್ಲಿ. ಆಗ ನನಗೆ ಇಪ್ಪತ್ತಾರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಗೊತ್ತಾಗಿದ್ದ ಮದುವೆ ಮುರಿದುಬಿದ್ದಿತ್ತು, ಊರಲ್ಲಿ ಮುಖ ತೋರಿಸಲು ಮನಸ್ಸಿರಲಿಲ್ಲ. ಐದು ವಾರ ರಜೆ ಬರೆದು, ಮಧ್ಯವರ್ತಿ ಸಂಸ್ಥೆಯೊಂದಕ್ಕೆ ನಲವತ್ತು ಸಾವಿರ ರೂಪಾಯಿ ಕಟ್ಟಿ, ಕಠ್ಮಂಡುವಿನ ಅಂಚಿನ ಒಂದು ಮಕ್ಕಳ ಮನೆಗೆ 'ಸ್ವಯಂಸೇವಕಿ'ಯಾಗಿ ಹೋದೆ. ಸೇವೆಗೆ ಹೊರಟವರೆಲ್ಲ ಮಕ್ಕಳ ನೋವು ಕಂಡೇ ಹೊರಡುತ್ತಾರೆ ಎಂದುಕೊಳ್ಳಬೇಡಿ. ನಾನು ಹೊರಟದ್ದು ನನ್ನ ನೋವಿಗೆ.

ಕಠ್ಮಂಡು ಪರಸ್ಥಳ ಅನ್ನಿಸಲಿಲ್ಲ. ಭಾರತೀಯರಾದ ನಮಗೆ ಅಲ್ಲಿ ವೀಸಾ ಬೇಡ, ನಮ್ಮ ಒಂದು ರೂಪಾಯಿಗೆ ಅವರದು ಒಂದು ರೂಪಾಯಿ ಅರವತ್ತು ಪೈಸೆ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು. ಅವರು ಹೋದರೆ ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತಾರೆ, ಅಲ್ಲಿನ ಭಾಷೆ ಕಲಿಯುತ್ತಾರೆ. ನನಗೆ 'ನಮಸ್ತೆ' ಬಿಟ್ಟು ನೇಪಾಳಿಯ ಒಂದು ಪದವೂ ಗೊತ್ತಿರಲಿಲ್ಲ. ಮೂರು ವರ್ಷದ ಮಗುವನ್ನು ಎತ್ತಿ ಆಡಿಸಲು ಭಾಷೆ ಬೇಡವೇ ಎಂದು ಸಂಸ್ಥೆಯವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಮೂರಂತಸ್ತಿನ ಬಾಡಿಗೆ ಮನೆ. ಮೂರರಿಂದ ಹನ್ನೊಂದು ವರ್ಷದೊಳಗಿನ ಇಪ್ಪತ್ತೆರಡು ಮಕ್ಕಳು. ಗೇಟು ತೆಗೆದು ಒಳಗೆ ಕಾಲಿಟ್ಟ ನಿಮಿಷದಲ್ಲೇ ನೀಲಿ ಸ್ವೆಟರಿನ, ನಾಲ್ಕು ವರ್ಷವಿರಬಹುದಾದ ಹುಡುಗಿಯೊಬ್ಬಳು 'ದಿದಿ' ಎನ್ನುತ್ತ ಓಡಿ ಬಂದು ಕಾಲು ತಬ್ಬಿದಳು. ಕೂತ ಕೂಡಲೇ ತೊಡೆ ಹತ್ತಿದಳು. ಅವಳ ಹೆಸರು ಬರೆಯುವುದಿಲ್ಲ. ಈಗ ಅವಳಿಗೆ ಹದಿನೈದರ ಸುಮಾರು ಇರಬೇಕು, ಅವಳನ್ನು ಕೇಳದೆ ಅವಳ ಕಥೆ ಹೇಳುವ ಹಕ್ಕು ನನಗಿಲ್ಲ. ಅಂದು ಮಾತ್ರ ಆ ಹಕ್ಕೆಲ್ಲ ನನಗೆ ನೆನಪಿಗೆ ಬರಲಿಲ್ಲ. ಅವಳನ್ನು ಎತ್ತಿಕೊಂಡ ಫೋಟೋ ಅಂದು ರಾತ್ರಿಯೇ ಫೇಸ್‌ಬುಕ್‌ಗೆ ಹಾಕಿದೆ, ಇನ್ನೂರು ಲೈಕು ಬಂತು. ಹೆತ್ತ ಮಗುವೇ ಸಿಕ್ಕಿತೇನೋ ಎನ್ನುವಷ್ಟು ಸಂತೋಷವಾಗಿತ್ತು.

ಪಾಠ ಎಂದರೆ ಎ, ಬಿ, ಸಿ. ಬಣ್ಣಗಳ ಹೆಸರು. ತಲೆ, ಭುಜ, ಮಂಡಿ ಮುಟ್ಟಿಕೊಂಡು ಕುಣಿಯುವ ಒಂದು ಇಂಗ್ಲಿಷ್ ಹಾಡು. ಮೊದಲ ದಿನ ನಾನು ತಲೆ ಮುಟ್ಟಿಕೊಳ್ಳುವಷ್ಟರಲ್ಲೇ ಮಕ್ಕಳು ಮಂಡಿ ಮುಟ್ಟಿ ಮುಗಿಸಿದ್ದವು. ಎರಡನೇ ವಾರ ಅರ್ಥವಾಯಿತು. ನನಗಿಂತ ಮೊದಲು ಬಂದ ಜರ್ಮನಿಯ ಹುಡುಗಿ ಅದೇ ಹಾಡು ಹೇಳಿಕೊಟ್ಟಿದ್ದಳು, ಅವಳಿಗಿಂತ ಮೊದಲು ಬಂದ ಆಸ್ಟ್ರೇಲಿಯದ ಜೋಡಿಯೂ ಅದನ್ನೇ. ಬಂದವರೆಲ್ಲ ಎ ಇಂದಲೇ ಶುರು ಮಾಡುತ್ತಾರೆ, ಎಫ್‌ಗೋ ಜಿಗೋ ಬರುವಷ್ಟರಲ್ಲಿ ಅವರ ರಜೆ ಮುಗಿಯುತ್ತದೆ. ಆ ಮಕ್ಕಳಿಗೆ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮೊದಲ ಆರೇಳು ಅಕ್ಷರ ಮಾತ್ರ ಅಚ್ಚುಕಟ್ಟು.

ನಿಜಕ್ಕೂ ಮಕ್ಕಳನ್ನು ಸಾಕುತ್ತಿದ್ದವಳು ಅಡುಗೆಯ ಹೆಂಗಸು. ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚಿ, ಇಪ್ಪತ್ತೆರಡು ತಲೆಗಳ ಹೇನು ಹೆಕ್ಕಿ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡವರ ಬಟ್ಟೆ ಒಗೆದು, ದಾಲ್ ಭಾತ್ ಬಡಿಸುವವಳು ಅವಳೊಬ್ಬಳೇ. ತಿಂಗಳಿಗೆ ಐದು ಸಾವಿರ ನೇಪಾಳಿ ರೂಪಾಯಿ ಕೊಡುತ್ತಾರೆ ಎಂದು ಒಮ್ಮೆ ಕೈಬೆರಳು ಬಿಡಿಸಿ ತೋರಿಸಿದಳು. ನಾನು ಲೆಕ್ಕ ಹಾಕಿದೆ. ಐದು ವಾರಕ್ಕೆ ನಾನು ಕಟ್ಟಿದ ದುಡ್ಡು, ನೇಪಾಳಿ ರೂಪಾಯಿಯ ಲೆಕ್ಕದಲ್ಲಿ, ಅವಳ ಒಂದು ವರ್ಷದ ಸಂಬಳಕ್ಕಿಂತ ನಾಲ್ಕು ಸಾವಿರ ಹೆಚ್ಚು. ಆ ದುಡ್ಡಿನಲ್ಲಿ ಅವಳ ಜೊತೆಗೆ ಇನ್ನೊಬ್ಬ ಹೆಂಗಸನ್ನು ವರ್ಷವಿಡೀ ಇಟ್ಟುಕೊಳ್ಳಬಹುದಿತ್ತು. ಬದಲಿಗೆ ಐದು ವಾರಕ್ಕೆ ನಾನು ಬಂದಿದ್ದೆ, ನನಗೂ ಅವಳೇ ಅನ್ನ ಬಡಿಸುತ್ತಿದ್ದಳು.

ಅಕ್ಟೋಬರ್ ಮೊದಲ ವಾರ ದಶೈಂ, ಅಂದರೆ ನಮ್ಮ ದಸರಾ. ಕಠ್ಮಂಡು ಖಾಲಿಯಾಗಿ ಬಸ್ಸಿನ ಟಾಪ್ ಮೇಲೂ ಜನ ಕೂತು ಹಳ್ಳಿಗಳಿಗೆ ಹೋಗುತ್ತಾರೆ. ವಿಜಯದಶಮಿಯ ದಿನ ಹಿರಿಯರು ಮೊಸರು, ಅಕ್ಕಿ, ಕುಂಕುಮ ಕಲಸಿದ ಟೀಕಾ ಹಚ್ಚಿ, ಜಮರಾ ಎನ್ನುವ ಹಳದಿ ಮೊಳಕೆ ಮುಡಿಸಿ ಹರಸುವುದು ಅಲ್ಲಿನ ರೂಢಿ. ಆ ದಿನ ಮಕ್ಕಳ ಮನೆಯ ಮ್ಯಾನೇಜರ್ ಎಲ್ಲರಿಗೂ ಸಾಲಾಗಿ ಟೀಕಾ ಹಚ್ಚುತ್ತಿದ್ದ, ಮೂವರು ವಿದೇಶಿ ದಾನಿಗಳು ಫೋಟೋ ತೆಗೆಯುತ್ತಿದ್ದರು. ಹತ್ತು ವರ್ಷದ ಹುಡುಗನೊಬ್ಬ ಸಾಲಿನಿಂದ ಹಿಂದೆ ಸರಿದ. ಅವನಿಗೆ ಹಿಂದಿ ಬರುತ್ತಿತ್ತು. ಯಾಕೋ ಎಂದು ಕೇಳಿದ್ದಕ್ಕೆ, 'ಟೀಕಾ ಅಪ್ಪ ಹಚ್ಚಬೇಕು. ನಮ್ಮಪ್ಪ ಹುಮ್ಲಾದಲ್ಲಿದ್ದಾನೆ' ಎಂದ.

ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಅನಾಥ ಎಂದು ಬರೆದಿತ್ತು.

ಮಾನಸ ಸರೋವರಕ್ಕೆ ನೇಪಾಳಗಂಜ್ ದಾರಿಯಲ್ಲಿ ಹೋಗಿಬಂದವರಿಗೆ ಸಿಮಿಕೋಟ್ ಗೊತ್ತಿರುತ್ತದೆ, ಸಣ್ಣ ವಿಮಾನ ಇಳಿಯುವ ಊರು. ಅದೇ ಹುಮ್ಲಾದ ಜಿಲ್ಲಾ ಕೇಂದ್ರ. 1996ರಿಂದ 2006ರವರೆಗೆ ನಡೆದ ಮಾವೋವಾದಿ ಯುದ್ಧದಲ್ಲಿ, ಮಕ್ಕಳನ್ನು ಬಂಡುಕೋರರು ಎಳೆದೊಯ್ದಾರೆಂಬ ಭಯದಲ್ಲಿದ್ದ ಅಪ್ಪ ಅಮ್ಮಂದಿರ ಬಳಿ ದಲ್ಲಾಳಿಗಳು ಬಂದರು. ಕಠ್ಮಂಡುವಿನಲ್ಲಿ ಓದಿಸುತ್ತೇವೆ ಎಂದು ನಂಬಿಸಿ, ಅವರಿಂದಲೇ ದುಡ್ಡು ಪಡೆದು ಮಕ್ಕಳನ್ನು ಕರೆತಂದರು. ಬದುಕಿರುವ ತಂದೆ ತಾಯಿ ಕಾಗದದ ಮೇಲೆ ಸತ್ತರು. ಯುದ್ಧ ನಿಂತಿತು, ದಂಧೆ ನಿಲ್ಲಲಿಲ್ಲ. ಕಾನರ್ ಗ್ರೆನ್ನನ್ ಎಂಬ ಅಮೆರಿಕದ ಯುವಕ 2004ರಲ್ಲಿ ನನ್ನ ಹಾಗೆಯೇ ಕಠ್ಮಂಡು ಬಳಿಯ ಗೋದಾವರಿಯ ಮಕ್ಕಳ ಮನೆಗೆ ಸ್ವಯಂಸೇವಕನಾಗಿ ಬಂದವನು. ಮಕ್ಕಳು ಅನಾಥರಲ್ಲ ಎಂದು ತಿಳಿದ ಮೇಲೆ ಅವನು ಹುಮ್ಲಾದ ಬೆಟ್ಟಗಳನ್ನು ನಡೆದು ಹತ್ತಿ ಅವರ ಅಪ್ಪ ಅಮ್ಮಂದಿರನ್ನು ಹುಡುಕಿದ. 2006ರಲ್ಲಿ ಆ ಕೆಲಸಕ್ಕೆಂದೇ ಸಂಸ್ಥೆ ಕಟ್ಟಿದ. ನಾನೇನು ಮಾಡಿದೆ? ಮ್ಯಾನೇಜರನನ್ನು ಕೇಳಿದೆ. 'ಮೇಡಂ, ಅನಾಥ ಅನ್ನದಿದ್ದರೆ ಯಾರು ದುಡ್ಡು ಕೊಡ್ತಾರೆ?' ಅಂದ. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ರಜೆ ಮುಗಿಯಿತು, ಬಂದೆ.

ಹೊರಡುವ ದಿನ ನೀಲಿ ಸ್ವೆಟರಿನ ಹುಡುಗಿ ಅತ್ತು ಕರೆದು ರಂಪ ಮಾಡುತ್ತಾಳೆಂದು ಹೆದರಿದ್ದೆ. ಅವಳು ಅಳಲಿಲ್ಲ. ಅದೇ ಬೆಳಿಗ್ಗೆ ಸ್ಪೇನ್‌ನಿಂದ ಬಂದಿಳಿದವಳ ತೊಡೆ ಮೇಲೆ ಆಗಲೇ ಕೂತಿದ್ದಳು. 'ದಿದಿ' ಎಂದು ಅವಳ ಕೂದಲು ಸವರುತ್ತಿದ್ದಳು.

ಇದನ್ನು ಊರಿಗೆ ಬಂದು ಚಿಕ್ಕವ್ವನ ಹತ್ತಿರ ಹೇಳಿದೆ. ಚಿಕ್ಕವ್ವ ಟಿ. ನರಸೀಪುರ ತಾಲ್ಲೂಕಿನಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದವರು. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಅದೇ ತಾಲ್ಲೂಕಿಗೆ. ಚಿಕ್ಕವ್ವ ಸೇರಿದ್ದು ಎಷ್ಟೋ ಆಮೇಲೆ, ಆದರೂ ಅದು ತಮ್ಮದೇ ಸಾಧನೆ ಎಂಬಂತೆ ಹೇಳಿಕೊಳ್ಳುತ್ತಾರೆ. ಅವರೆಕಾಯಿ ಬಿಡಿಸುತ್ತ ಎಲ್ಲ ಕೇಳಿದವರು ಅಂದರು: 'ಅಲ್ಲ ಕಣವ್ವ, ಗುರ್ತಿಲ್ದೋರ ತೊಡೆ ಮ್ಯಾಲೆ ಓಡ್ಬಂದು ಕೂತ್ಕೊಳೋ ಕೂಸ ನೋಡಿ ನೀನು ಕುಸಿ ಪಟ್ಯಾ? ನಂ ಮಕ್ಳು ಸೂಪರ್‌ವೈಸರ್ ಬಂದ್ರೆ ನನ್ ಸೆರಗ್ ಇಡ್ಕಂಡು ಹಿಂದ್ಕೆ ಸೇರ್ಕತವೆ. ಕೂಸು ಅಂದ್ರೆ ಹಂಗಿರ್ಬೇಕು.'

ಚಿಕ್ಕವ್ವ ಓದಿದ್ದು ಎಸ್ಸೆಸ್ಸೆಲ್ಸಿ. ಅವರು ಹೇಳಿದ್ದನ್ನೇ ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ವಿಜ್ಞಾನಿಗಳು ವರ್ಷಗಟ್ಟಲೆ ಅಳೆದಿದ್ದಾರೆಂದು ನನಗೆ ಆಮೇಲೆ ತಿಳಿಯಿತು. 2000ದ ಹೊತ್ತಿಗೆ ಅವರು ಅಲ್ಲಿನ ಅನಾಥಾಲಯಗಳ 136 ಪುಟ್ಟ ಮಕ್ಕಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿದರು. ಎರಡು ವರ್ಷ ತುಂಬುವ ಮೊದಲು ಒಂದು ಮನೆ, ಒಂದು ಮಡಿಲು ಸಿಕ್ಕ ಮಕ್ಕಳು ಹೆಚ್ಚು ಚೇತರಿಸಿಕೊಂಡವು. ಅನಾಥಾಲಯದಲ್ಲಿ ಬೆಳೆದ ಮಕ್ಕಳಲ್ಲಿ ಅವರು ಗುರುತಿಸಿದ ಲಕ್ಷಣಗಳಲ್ಲೊಂದು, ಅಪರಿಚಿತರೊಡನೆ ಹಿಂಜರಿಕೆಯೇ ಇಲ್ಲದ ಸಲುಗೆ. ನಾನು ಪ್ರೀತಿ ಎಂದುಕೊಂಡು ಫೋಟೋ ತೆಗೆದದ್ದು ಒಂದು ಗಾಯವನ್ನು.

ಇಷ್ಟು ಹೇಳಿದರೆ, 'ಯಾರೂ ಇಲ್ಲದಿರುವುದಕ್ಕಿಂತ ಮೂರು ವಾರ ಯಾರಾದರೂ ಇರುವುದು ಮೇಲಲ್ಲವೇ?' ಎನ್ನುತ್ತಾರೆ. ಸ್ನೇಹಿತೆಯ ಮಗಳೂ ಕೇಳಿದಳು. ಅಲ್ಲ. ಕಾಂಬೋಡಿಯಾವನ್ನೇ ನೋಡಿ. 2005ರಿಂದ 2010ರೊಳಗೆ ಅಲ್ಲಿ ಅನಾಥಾಲಯಗಳು ಶೇ 75ರಷ್ಟು ಹೆಚ್ಚಿ 269ಕ್ಕೆ ಮುಟ್ಟಿದವು. ಆ ಹೊತ್ತಿಗೆ ಯುದ್ಧ ಮುಗಿದು ಎಷ್ಟೋ ಕಾಲವಾಗಿತ್ತು, ಅನಾಥರ ಸಂಖ್ಯೆ ಇಳಿಯುತ್ತಿತ್ತು. ಅಲ್ಲಿದ್ದ ನಾಲ್ಕರಲ್ಲಿ ಮೂರು ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದರು. ಹೆಚ್ಚಿದ್ದು ಅನಾಥರಲ್ಲ, ಅಂಗೋರ್ ವಾಟ್ ನೋಡಲು ಬಂದು ಒಂದು ಮಧ್ಯಾಹ್ನ ಮಕ್ಕಳಿಗೂ ಕೊಡೋಣ ಎನ್ನುವ ಪ್ರವಾಸಿಗರು. ನೇಪಾಳದಲ್ಲೂ ಮಕ್ಕಳ ಮನೆಗಳು ಗುಂಪಾಗಿರುವುದು ಬಡತನ ಹೆಚ್ಚಿರುವ ಹುಮ್ಲಾದಲ್ಲಲ್ಲ, ಕಠ್ಮಂಡು, ಪೋಖರಾ, ಚಿತ್ವನ್‌ಗಳಲ್ಲಿ. ಗಿರಾಕಿ ಇದ್ದಲ್ಲಿ ಅಂಗಡಿ. ನಾವು ಹೋಗುವುದರಿಂದಲೇ ಅಲ್ಲಿ ಮಕ್ಕಳು ಬೇಕಾಗುತ್ತಾರೆ.

ಹೊರಗಿನ ದೇಶಗಳು ತಡವಾಗಿಯಾದರೂ ಎಚ್ಚೆತ್ತಿವೆ. ಆಸ್ಟ್ರೇಲಿಯ 2018ರಲ್ಲಿ ಆಧುನಿಕ ಗುಲಾಮಗಿರಿ ವಿರುದ್ಧ ಕಾಯ್ದೆ ತಂದಾಗ ಅನಾಥಾಲಯಗಳಿಗಾಗಿ ನಡೆಯುವ ಮಕ್ಕಳ ಸಾಗಣೆಯೂ ಅದರ ಚರ್ಚೆಯೊಳಗಿತ್ತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯ ಅನಾಥಾಲಯಗಳಲ್ಲಿನ ಸ್ವಯಂಸೇವೆಯ ಅಪಾಯವನ್ನು ಹೆಸರು ಹಿಡಿದೇ ಹೇಳಿತು. ಪಶ್ಚಿಮದವರು ಕೈ ಹಿಂತೆಗೆಯುತ್ತಿರುವ ಹೊತ್ತಿಗೆ ನಮ್ಮವರು ಹೊಸದಾಗಿ ಕೈ ಹಾಕುತ್ತಿದ್ದಾರೆ. ಇದು ನನಗೆ ಸಿಟ್ಟು ತರಿಸುತ್ತದೆ. ನಮ್ಮಲ್ಲೇ ಬಾಲನ್ಯಾಯ ಕಾಯ್ದೆ, 2015ರ ಪ್ರಕಾರ ನೋಂದಣಿಯಿಲ್ಲದೆ ಮಕ್ಕಳ ಮನೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಕಷ್ಟದಲ್ಲಿರುವ ಮಗುವನ್ನು ಸ್ವಂತ ಮನೆಯಲ್ಲೇ ಉಳಿಸಿ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿ ಕೊಡುವ ಏರ್ಪಾಡಿದೆ. ಮಗುವನ್ನು ಮನೆಯಿಂದ ಬಿಡಿಸಬೇಡಿ ಎಂಬ ಬುದ್ಧಿ ನಮ್ಮ ಕಾನೂನಿಗೇ ಇರುವಾಗ, ನೆರೆಯವರ ಮಕ್ಕಳ ವಿಷಯದಲ್ಲಿ ನಾವೇಕೆ ಅದನ್ನು ಮರೆಯಬೇಕು?

ಹೊರದೇಶದ ಸೇವೆಯೇ ಬೇಡ ಎನ್ನುತ್ತಿಲ್ಲ. 1961ರಿಂದ 1976ರವರೆಗೆ ಅಮೆರಿಕದ ಪೀಸ್ ಕೋರ್‌ನ ತರುಣರು ನಮ್ಮ ದೇಶದಲ್ಲಿದ್ದರು, ಆಗಿನ ಮೈಸೂರು ರಾಜ್ಯದಲ್ಲೂ ಇದ್ದರು. ಕನ್ನಡ ಕಲಿತು ಹಳ್ಳಿಯಲ್ಲಿ ಎರಡು ವರ್ಷ ನಿಲ್ಲುತ್ತಿದ್ದರು, ಕೋಳಿ ಸಾಕಣೆ, ಬೇಸಾಯದಂಥ ಕೆಲಸ ಮಾಡುತ್ತಿದ್ದರು. ಎರಡು ವರ್ಷ ನಿಲ್ಲುವವರು ಹೋಗಲಿ. ಇಪ್ಪತ್ತು ವರ್ಷ ಪಾಠ ಮಾಡಿದ ನಲಿ-ಕಲಿ ಶಿಕ್ಷಕಿಯೊಬ್ಬರು ಪೋಖರಾದ ಶಿಕ್ಷಕಿಯರ ಜೊತೆ ಕೂತು ತಮಗೆ ತಿಳಿದದ್ದನ್ನು ಹಂಚಿಕೊಳ್ಳುವುದಾದರೆ ಮೂರು ವಾರವೂ ಸಾಕು, ಯಾಕೆಂದರೆ ಮಕ್ಕಳ ಮುಂದೆ ನಾಳೆಯೂ ನಿಲ್ಲುವುದು ಅವರದೇ ಟೀಚರ್. ದೊಡ್ಡವರಿಗೆ ಬಂದು ಹೋಗುವ ಅತಿಥಿ ಅರ್ಥವಾಗುತ್ತಾನೆ. ಮೂರು ವರ್ಷದ ಮಗುವಿಗೆ ಬೇಕಾದದ್ದು ನಿನ್ನೆಯ ಮುಖವೇ ಇವತ್ತೂ. ಆ ಒಂದನ್ನು ಚಿಕ್ಕವ್ವ ಇಪ್ಪತ್ತೊಂಬತ್ತು ವರ್ಷ ಕೊಟ್ಟರು. ಅದಕ್ಕೆ ಸರ್ಕಾರ ಕೊಟ್ಟದ್ದನ್ನು ಸಂಬಳ ಎಂದೂ ಕರೆಯಲಿಲ್ಲ, ಗೌರವಧನ ಎಂದಿತು. ಅದನ್ನು ಹೆಚ್ಚಿಸಿ ಎಂದು ಅವರು ಮೂರು ಸಲ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ರಾತ್ರಿ ಮಲಗಿದ್ದಾರೆ. ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅಲ್ಲಿನವರ ಫೋಟೋಕ್ಕೆ ಇನ್ನೂರು ಲೈಕು ಬಂದದ್ದನ್ನು ನಾನು ನೋಡಿಲ್ಲ.

2015ರ ಏಪ್ರಿಲ್ 25ರ ನೇಪಾಳದ ಭೂಕಂಪದ ದಿನ ಆ ಮಕ್ಕಳ ಮನೆಗೆ ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕವಿಲ್ಲ. ಹತ್ತು ದಿನದ ಮೇಲೆ ಮ್ಯಾನೇಜರ್ ಸಿಕ್ಕ, ಎಲ್ಲರೂ ಟಾರ್ಪಾಲಿನ ಕೆಳಗೆ ಕ್ಷೇಮ ಎಂದ. ಮುಂದಿನ ವರ್ಷ ಆ ನಂಬರೇ ಇಲ್ಲವಾಯಿತು. ಮನೆ ಮುಚ್ಚಿದೆ, ಮಕ್ಕಳನ್ನು ಬೇರೆ ಬೇರೆ ಕಡೆ ಹಂಚಿದ್ದಾರೆ ಎಂದು ಜರ್ಮನಿಯ ಹುಡುಗಿ ಬರೆದಳು. ಹುಮ್ಲಾದ ಹುಡುಗ ಊರು ಸೇರಿದನೋ ಇಲ್ಲವೋ ತಿಳಿಯದು. ಆ ಫೋಟೋ ಅಳಿಸಿಹಾಕಿದ್ದೇನೆ.

ಸ್ನೇಹಿತೆಯ ಮಗಳಿಗೆ ಶಿಫಾರಸು ಪತ್ರ ಕೊಡಲಿಲ್ಲ. ಸ್ನೇಹಿತೆಗೆ ಬೇಸರವಾಯಿತು, 'ಎಲ್ಲರೂ ಹೋಗ್ತಾರಲ್ಲೇ' ಎಂದಳು. ಹುಡುಗಿ ಮಾತ್ರ ಒಪ್ಪಿಕೊಂಡು ಏಜೆನ್ಸಿಗೆ ಒಂದೇ ಸಾಲು ಬರೆದಳು: ಈ ಮಕ್ಕಳ ಅಪ್ಪ ಅಮ್ಮ ಎಲ್ಲಿದ್ದಾರೆ? ಎರಡು ದಿನಕ್ಕೆ ಉತ್ತರ ಬಂತು. ಆ ವಿವರ ಗೌಪ್ಯ, ಶುಲ್ಕ ಕಟ್ಟಲು ಶುಕ್ರವಾರ ಕೊನೆಯ ದಿನ.