ಬಿಟ್ಟುಹೋಗುವ ಆಸ್ತಿ ಯಾವುದು?

ಮನುಷ್ಯನು ಗಳಿಸುವುದು ಸಹಜ. ಗಳಿಸಿದ್ದನ್ನು ಮಕ್ಕಳಿಗಾಗಿ ಉಳಿಸುವುದೂ ಸಹಜ. ಶರಣರು ಕಾಯಕವನ್ನು ಎತ್ತಿ ಹಿಡಿದವರೇ ಹೊರತು ದಾರಿದ್ರ್ಯವನ್ನು ಕೊಂಡಾಡಿದವರಲ್ಲ. ಆದರೆ ಕಾಯಕದ ಮಗ್ಗುಲಲ್ಲಿಯೇ ಅವರು ದಾಸೋಹವನ್ನೂ ಇರಿಸಿದರು. ನಾವಾದರೋ ಕಾಯಕವೆಂದರೆ ಹಣ ಗಳಿಕೆಯೆಂದು ತಿಳಿದು, ದಾಸೋಹವನ್ನು ಮಠದ ಪಂಕ್ತಿಗೆ ಬಿಟ್ಟು ಸುಮ್ಮನಾಗಿದ್ದೇವೆ.

ನಮ್ಮ ಮಂಡ್ಯ ಸೀಮೆಯನ್ನೇ ನೋಡೋಣ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಮಳೆಯನ್ನೇ ನಂಬಿದ್ದ ಹೊಲಗಳು ಗದ್ದೆಗಳಾದವು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದಿತು, ಕಬ್ಬು ಕಾಸಾಯಿತು. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಲೋಕಾರ್ಪಣೆಗೊಂಡಿತು. ಅನ್ನ ಕೊಡುತ್ತಿದ್ದ ನೆಲವನ್ನು ಈಗ ನಾವು ಬೆಳೆಯಿಂದ ಅಳೆಯುವುದಿಲ್ಲ, ಅಡಿಯ ಲೆಕ್ಕದಲ್ಲಿ ಅಳೆಯುತ್ತೇವೆ. ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರು ಬದುವಿನ ವ್ಯಾಜ್ಯಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರುವುದು ಯಾವ ಊರಿಗೂ ಹೊಸ ಸುದ್ದಿಯಲ್ಲ. ತಂದೆ ಬಿಟ್ಟುಹೋದ ಆಸ್ತಿಯೇ ತಂದೆಯ ಮಕ್ಕಳನ್ನು ಅಗಲಿಸಿದರೆ, ಅದನ್ನು ಆಸ್ತಿ ಎನ್ನಬೇಕೇ, ಆಪತ್ತು ಎನ್ನಬೇಕೇ?

ನಮ್ಮ ಮುತ್ತಜ್ಜನ ಪೆಟ್ಟಿಗೆಯಲ್ಲಿ ಎಷ್ಟು ಹಣವಿತ್ತೆಂದು ನಮ್ಮಲ್ಲಿ ಹೇಳಬಲ್ಲವರು ವಿರಳ. ಆದರೆ ಆತ ತೋಡಿಸಿದ ಬಾವಿ, ನೆಟ್ಟ ಹುಣಸೆಯ ಮರ, ದಾರಿಹೋಕರಿಗಾಗಿ ನಡೆಸಿದ ಅರವಟ್ಟಿಗೆ ಇವುಗಳನ್ನು ಊರು ಇಂದಿಗೂ ಹೆಸರು ಹಿಡಿದು ಹೇಳುತ್ತದೆ.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನು ಇಲ್ಲಿ ನೆನೆಯಬೇಕು. ಅವರು ಕುರಿ ಕಾಯುತ್ತಿದ್ದವರು. ಬೆಟ್ಟದ ಮೇಲೆ ಬಿದ್ದ ಮಳೆ ನಿಲ್ಲದೆ ಇಳಿದುಹೋಗಿ, ಬೇಸಿಗೆಯಲ್ಲಿ ಪ್ರಾಣಿಪಕ್ಷಿಗಳು ಬಾಯಾರುವುದನ್ನು ಕಂಡು ಕಟ್ಟೆ ತೋಡಲು ತೊಡಗಿದರು. ಹಾರೆ ಗುದ್ದಲಿಗಳಿಗಾಗಿ ಕುರಿ ಮಾರಿದರು. ಸನ್ಮಾನಗಳಿಂದ ಬಂದ ಹಣವನ್ನೂ ಮಣ್ಣಿಗೇ ಸುರಿದರು. ಗಿಡಮರಗಳನ್ನೂ ಬೆಳೆಸಿದರು. 2020ರ ಜೂನ್ 28ರಂದು ಪ್ರಧಾನಮಂತ್ರಿಯವರು ತಮ್ಮ ಬಾನುಲಿ ಭಾಷಣದಲ್ಲಿ ಹದಿನಾರು ಕಟ್ಟೆಗಳ ಈ ಸಾಧನೆಯನ್ನು ದೇಶಕ್ಕೆ ತಿಳಿಸಿದರು. 2022ರ ಅಕ್ಟೋಬರ್‌ನಲ್ಲಿ ಕಾಮೇಗೌಡರು ತೀರಿಕೊಂಡರು.

“ಅಂಥವರು ಲಕ್ಷಕ್ಕೊಬ್ಬರು, ನಮ್ಮಂಥ ಸಂಸಾರಿಗಳಿಗೆ ಸಾಧ್ಯವೇ?” ಎಂದು ಓದುಗರು ಕೇಳಬಹುದು. ಕಾಮೇಗೌಡರೂ ಸಂಸಾರಿಗಳೇ. ಅವರಲ್ಲಿದ್ದ ಬಂಡವಾಳ ಒಂದು ಕುರಿಮಂದೆ ಮತ್ತು ಎರಡು ಕೈಗಳು ಮಾತ್ರ. ಇನ್ನೊಂದು ಬಗೆಯ ಉದಾಹರಣೆಯೂ ನಮ್ಮ ಮಂಡ್ಯದಲ್ಲಿಯೇ ಇದೆ. ನಿತ್ಯಸಚಿವರೆಂದು ಜನರು ಕರೆದ ಕೆ.ವಿ. ಶಂಕರಗೌಡರು ಅಧಿಕಾರವನ್ನು ಕಂಡವರು. ಆದರೂ ಅವರ ಹೆಸರು ಉಳಿದಿರುವುದು ವಿದ್ಯಾಸಂಸ್ಥೆಗಳಲ್ಲಿ. 1962ರಲ್ಲಿ ಆರಂಭವಾದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜಿನಿಂದ ಒಕ್ಕಲು ಮಕ್ಕಳಿಗೆ ತಮ್ಮ ಜಿಲ್ಲೆಯಲ್ಲಿಯೇ ಆ ವಿದ್ಯೆ ದೊರೆಯುವಂತಾಯಿತು. ಒಬ್ಬರು ಕುರಿಗಾಹಿ, ಒಬ್ಬರು ಮುತ್ಸದ್ದಿ. ಇಬ್ಬರೂ ತಮ್ಮಲ್ಲಿದ್ದುದನ್ನು ಹತ್ತು ಜನರಿಗೆ ಒದಗುವಂತೆ ಮಾಡಿದರು.

ಇಲ್ಲಿ ನಾವು ಮರೆಯಬಾರದ ಮಾತೊಂದಿದೆ. ತೋಡಿದ ಕಟ್ಟೆ ತಾನಾಗಿ ಉಳಿಯದು. ಪ್ರತಿ ಮಳೆಯಲ್ಲೂ ಮಣ್ಣು ಜಾರಿ ಬಂದು ಹೂಳು ತುಂಬುತ್ತದೆ. ಕೆಲವು ವರ್ಷ ಯಾರೂ ಗುದ್ದಲಿ ಹಿಡಿಯದಿದ್ದರೆ ಕಟ್ಟೆ ಮತ್ತೆ ಬಯಲಾಗುತ್ತದೆ. ಶಾಲೆಯೂ ಹಾಗೆಯೇ, ದಾಸೋಹವೂ ಹಾಗೆಯೇ. ಹಿರಿಯರ ಪ್ರತಿಮೆಗೆ ಹಾರ ಹಾಕಿ ಅವರ ಕೆಲಸಕ್ಕೆ ಹೂಳು ತುಂಬಲು ಬಿಡುವುದು ನಮ್ಮ ಕಾಲದ ದೊಡ್ಡ ಕೃತಘ್ನತೆ.

ಮನೆಯ ಹಿರಿಯರು ಲಿಂಗೈಕ್ಯರಾದಾಗ ನಾವು ಶಿವಗಣಾರಾಧನೆಯನ್ನು ವೈಭವದಿಂದ ನಡೆಸುತ್ತೇವೆ. ಊರ ತುಂಬ ಭಾವಚಿತ್ರದ ಫಲಕ ನಿಲ್ಲಿಸುತ್ತೇವೆ. ಆ ಫಲಕ ತಿಂಗಳೊಳಗೆ ಹರಿಯುತ್ತದೆ. ಅದರ ವೆಚ್ಚದಲ್ಲಿ ಒಂದು ಬಡ ಮಗುವಿನ ಪುಸ್ತಕ, ಒಂದು ಊರಗುಂಡಿಯ ಹೂಳು, ಹತ್ತು ಹೊಂಗೆಯ ಸಸಿ ಇವುಗಳಲ್ಲಿ ಯಾವುದನ್ನಾದರೂ ಹಿರಿಯರ ಹೆಸರಿನಲ್ಲಿ ಕೈಗೊಳ್ಳಬಾರದೇಕೆ? ಪ್ರತಿ ವರ್ಷ ಅವರ ಸ್ಮರಣೆಯ ದಿನದಂದು ಮಕ್ಕಳು, ಮೊಮ್ಮಕ್ಕಳು, ಸೊಸೆಯಂದಿರು ಎಲ್ಲರೂ ಕೂಡಿ ಅದೇ ಕೆಲಸವನ್ನು ಮುಂದುವರಿಸಲಿ. ಪಾಲಾದ ಜಮೀನು ಪ್ರತಿ ತಲೆಮಾರಿಗೂ ಕಿರಿದಾಗುತ್ತದೆ. ಕೂಡಿ ಮಾಡಿದ ಕೆಲಸವನ್ನು ಪಾಲು ಮಾಡುವ ಪ್ರಮೇಯವೇ ಬರುವುದಿಲ್ಲ.