ಕೈಗೆ ತಕ್ಕ ಆಯುಧ

ಆಯುಧಪೂಜೆಯಂದು ಸ್ಕೂಟರಿಗೆ ಹೂಮಾಲೆ ತೊಡಿಸಿ, ಗಾಲಿಯಡಿ ನಿಂಬೆಹಣ್ಣಿಡುವ ನಾವು, ಅದನ್ನು ಬಿಚ್ಚಿ ಜೋಡಿಸುವ ಆಯುಧಗಳನ್ನು ಕೊಳ್ಳುವಾಗ ಮಾತ್ರ ತೀರ ಉದಾಸೀನರು. ನಿಘಂಟನ್ನು ಹತ್ತು ಸಲ ತಿರುವಿ ನೋಡಿ ಕೊಳ್ಳುವ ವಿದ್ಯಾವಂತನೂ ಸ್ಪ್ಯಾನರನ್ನು ಅದರ ಹೊಳಪಿಗೆ ಮರುಳಾಗಿ ಕೊಳ್ಳುತ್ತಾನೆ. ಹೊಳಪು ಮೇಲಿನ ಲೇಪ. ಸತ್ತ್ವವಿರುವುದು ಒಳಗಿನ ಉಕ್ಕಿನಲ್ಲಿ.

ಮೆದು ಲೋಹದ ಸ್ಪ್ಯಾನರು ಬಿಗಿದ ನಟ್ಟಿನ ಮೇಲೆ ಬಲ ಬಿದ್ದೊಡನೆ ಬಾಯಗಲಿಸುತ್ತದೆ. ತಾನು ಕೆಡುವುದಲ್ಲದೆ ನಟ್ಟಿನ ಆರು ಮೂಲೆಗಳನ್ನೂ ಸವೆಸಿ ಉರುಟು ಮಾಡುತ್ತದೆ. ಆ ಬಳಿಕ ಉಳಿ, ಸುತ್ತಿಗೆಗಳೇ ಗತಿ. ಕಾಸಿ, ಅಚ್ಚಿನಲ್ಲಿ ಬಡಿದು, ಸರಿಯಾಗಿ ಹದ ಕೊಟ್ಟ ಕ್ರೋಮ್-ವನೇಡಿಯಂ ಉಕ್ಕಿನಲ್ಲಿಯಾದರೋ ಗಡಸುತನವೂ ತಾಳಿಕೆಯೂ ಕೂಡಿರುತ್ತವೆ.

ಹಾಗಿದ್ದರೆ ಬೆಲೆ ಹೆಚ್ಚಲ್ಲವೆ ಎಂದು ವಾಚಕರು ಕೇಳಬಹುದು. ನಲವತ್ತು ಸಾಮಾನಿನ ಅಗ್ಗದ ಪೆಟ್ಟಿಗೆ ನಮಗೇಕೆ? ಜಪಾನಿ ಮಾದರಿಯ ಬೈಕುಗಳಲ್ಲಿ ಬಹುಮಟ್ಟಿಗೆ ಕಾಣುವ ಅಳತೆಗಳು 8, 10, 12, 14, 17 ಮಿಲಿಮೀಟರು. ಈ ಐದು ಸ್ಪ್ಯಾನರು, ಪ್ಲಗ್ ಬಿಚ್ಚುವುದೊಂದು, ಎರಡು ತಿರುಪುಳಿ, ಒಂದು ಇಕ್ಕಳ, ಒಂದು ಸುತ್ತಿಗೆ ಇದ್ದರೆ ಮನೆಯ ಕೆಲಸಕ್ಕೆ ಸಾಕು. ಪರದೇಶದ್ದೇ ಆಗಬೇಕೆಂದಿಲ್ಲ, ಜಲಂಧರದಂತಹ ಊರುಗಳು ಹೊರನಾಡುಗಳಿಗೂ ಕೈಯುಪಕರಣ ಕಳಿಸುತ್ತಿವೆ. ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಬೋಲ್ಟು ಇರಲಿ. ಸ್ಪ್ಯಾನರು ಅದರ ಮೇಲೆ ಅಲುಗಾಡದೆ ಕೂತರೆ ಕೊಳ್ಳಿರಿ.

ಎಲ್ಲ ಅಳತೆಗೂ ಹೊಂದಿಸಬಹುದಾದ ಸ್ಪ್ಯಾನರೊಂದೇ ಸಾಲದೆ ಎನ್ನುವವರಿದ್ದಾರೆ. ಸ್ವೀಡನ್ನಿನ ಯೋಹಾನ್ ಪೆಟ್ಟರ್ ಯೋಹಾನ್ಸನ್ 1892ರಲ್ಲಿ ಪೇಟೆಂಟು ಪಡೆದ ಆ ಸಾಧನ ಜಾಣತನದ್ದೇ ಸರಿ. ಆದರೆ ಸರಿಯುವ ದವಡೆಯಲ್ಲಿ ಒಂದಿಷ್ಟು ಸಡಿಲ ಉಳಿದೇ ಉಳಿಯುತ್ತದೆ. ಬಿಗಿದ ನಟ್ಟನ್ನು ಮೊದಲು ಕದಲಿಸಲು ಆರು ಮೂಲೆಯನ್ನೂ ಸುತ್ತಿ ಹಿಡಿಯುವ ರಿಂಗ್ ಸ್ಪ್ಯಾನರೇ ಮೇಲು.

ಇದು ಬರಿಯ ಹಣದ ಲೆಕ್ಕವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಹುಡುಗನೊಬ್ಬ ಮೊದಲ ಬಾರಿ ತಂದೆಯ ಸ್ಕೂಟರನ್ನು ಬಿಚ್ಚಲು ಕೂರುತ್ತಾನೆನ್ನಿ. ಸ್ಪ್ಯಾನರು ಜಾರುತ್ತದೆ, ಗೆಣ್ಣು ತರಚುತ್ತದೆ, ನಟ್ಟು ಉರುಟಾಗುತ್ತದೆ. ದೋಷ ಉಕ್ಕಿನದೆಂದು ಅವನಿಗೆ ತಿಳಿಯದು. ತನ್ನ ಕೈಯದೆಂದೇ ನಂಬಿ ಎದ್ದುಹೋಗುತ್ತಾನೆ, ಮತ್ತೆ ಅತ್ತ ಸುಳಿಯುವುದಿಲ್ಲ. ಕೈಕೆಲಸ ತನ್ನಂಥವನಿಗಲ್ಲವೆಂಬ ವಿದ್ಯಾವಂತನ ಭ್ರಮೆ ಎಷ್ಟೋ ಸಲ ಹುಟ್ಟುವುದು ಹೀಗೆಯೇ. ಮಕ್ಕಳಿಗೆ ಒಳ್ಳೆಯ ಪುಸ್ತಕವನ್ನೇ ಕೊಡಬೇಕೆನ್ನುವ ಉಪಾಧ್ಯಾಯರು ಒಳ್ಳೆಯ ಉಪಕರಣದ ವಿಷಯದಲ್ಲಿಯೂ ಅಷ್ಟೇ ಹಟ ಹಿಡಿಯಲಿ ಎಂಬುದು ನನ್ನ ವಿನಂತಿ.